ದಲ್ಲಾಳಿಗೊಂದು ಸನ್ನದು

ಕಳೆದ ಶ್ರಾವಣದ ಒಂದು ಸಂಜೆ, ನಮ್ಮ ಬೀದಿಯ ಕೊನೆಯ ಮನೆಯ ತರುಣನು, ವಾಣಿಜ್ಯಶಾಸ್ತ್ರದಲ್ಲಿ ಪದವಿಯನ್ನು ಪಡೆದು, ಎರಡು ವರ್ಷ ಲೆಕ್ಕಪರಿಶೋಧಕರೊಬ್ಬರ ಕಚೇರಿಯಲ್ಲಿ ರಸೀದಿಗಳನ್ನು ಜೋಡಿಸಿ, ಅದರಲ್ಲಿ ಮನಸ್ಸು ನಿಲ್ಲದೆ ಮತ್ತೆರಡು ವರ್ಷ ಒಬ್ಬ ಹಿರಿಯ ಬ್ರೋಕರರ ಸ್ಕೂಟರಿನ ಹಿಂದೆ ಕುಳಿತು ಬೆಂಗಳೂರಿನ ಸುತ್ತಣ ಬಡಾವಣೆಗಳನ್ನೆಲ್ಲ ಅಳೆದು ಬಂದವನು, ನನ್ನ ಮುಂದೆ ಒಂದು ವಿಸಿಟಿಂಗ್ ಕಾರ್ಡನ್ನಿಟ್ಟು ಕೈಕಟ್ಟಿ ನಿಂತನು. ಕಾರ್ಡಿನಲ್ಲಿ ಅವನ ಹೆಸರು ಹೊನ್ನಿನ ಬಣ್ಣದ ದಪ್ಪ ಅಕ್ಷರಗಳಲ್ಲಿ ಮೆರೆಯುತ್ತಿತ್ತು. ಅದರ ಕೆಳಗೆ ‘ಪ್ರಾಪರ್ಟಿ ಕನ್ಸಲ್ಟೆಂಟ್’ ಎಂದಿತ್ತು. ಅದಕ್ಕೂ ಕೆಳಗೆ ‘ರೇರಾ ನೋಂದಣಿ ಸಂಖ್ಯೆ’ ಎಂದು ಅಚ್ಚಾಗಿ, ಮುಂದೆ ಒಂದು ಅಂಗುಲದಷ್ಟು ಜಾಗ ಬರಿದಾಗಿತ್ತು.

“ನಂಬರು ಎಲ್ಲಯ್ಯ?” ಎಂದೆ.

“ಅದಕ್ಕೇ ಬಂದೆ ಸಾರ್. ಲೈಸೆನ್ಸು ಹೇಗೆ ತೆಗೆಯೋದು ಅಂತ ತಾವು ಹೇಳಬೇಕು. ಕಾರ್ಡು ಮಾತ್ರ ಐನೂರು ಹೊಡೆಸಿಬಿಟ್ಟಿದೀನಿ.”

ಅವನು ನನ್ನಲ್ಲಿಗೆ ಬಂದುದಕ್ಕೆ ಕಾರಣವಿಷ್ಟೆ: ನಾನು ನೋಂದಣಿ ಇಲಾಖೆಯಲ್ಲಿ ಮೂರು ದಶಕಗಳಿಗೆ ಮಿಕ್ಕು ಲೇಖನಿಯನ್ನು ತೇಯ್ದು ನಿವೃತ್ತನಾದವನು. ಉಪನೋಂದಣಿ ಕಚೇರಿಯ ಆ ಮೇಜಿನ ಹಿಂದೆ ಕುಳಿತು ನಾನು ಎಷ್ಟು ಸಾವಿರ ಕ್ರಯಪತ್ರಗಳನ್ನು ನೋಡಿದೆನೋ ಲೆಕ್ಕವಿಲ್ಲ. ಅವುಗಳಲ್ಲಿ ಮಾರುವವನ ಹೆಸರುಂಟು, ಅವನ ತಂದೆಯ ಹೆಸರುಂಟು, ಕೊಳ್ಳುವವನ ಹೆಸರುಂಟು, ನಾಲ್ಕು ದಿಕ್ಕಿನ ಚಕ್ಕುಬಂದಿಯಲ್ಲಿ ನೆರೆಹೊರೆಯವರ ಹೆಸರುಗಳುಂಟು, ಪತ್ರವನ್ನು ಬರೆದವನ ಬಿಕ್ಕಲಂ ಉಂಟು, ಸಾಕ್ಷಿಗಳ ರುಜು, ಗುರುತಿಸಿದವರ ರುಜು, ಎಡಗೈ ಹೆಬ್ಬೆಟ್ಟಿನ ಗುರುತು ಎಲ್ಲವೂ ಉಂಟು. ಆದರೆ ಈ ಇಬ್ಬರು ಅಪರಿಚಿತರನ್ನು ಎದುರುಬದುರು ಕೂರಿಸಿದವನು, ಹತ್ತು ಸಲ ಮುರಿದುಬಿದ್ದ ಮಾತನ್ನು ಹನ್ನೊಂದನೆಯ ಸಲ ಕೂಡಿಸಿದವನು, ಬೆಲೆಯನ್ನು ಚೌಕಾಶಿಮಾಡಿ ಮುಂಗಡವನ್ನು ಎಣಿಸಿಕೊಟ್ಟವನು, ಆ ದಿನ ಬೆಳಗ್ಗೆ ಎಲ್ಲರಿಗಿಂತ ಮೊದಲು ಬಂದು ಟೋಕನ್ ಹಿಡಿದು ಜಗಲಿಯ ಮೇಲೆ ನಿಂತವನು ಯಾರೋ ಅವನ ಹೆಸರು ಮಾತ್ರ ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಇದ್ದರೆ ಸಾಕ್ಷಿಯೆಂದೊ, ಗುರುತಿಸಿದವನೆಂದೊ ಒಂದು ಮೂಲೆಯಲ್ಲಿ ಇರಬಹುದು, ದಲ್ಲಾಳಿಯೆಂದು ಇಲ್ಲ. ವ್ಯವಹಾರವನ್ನು ಆಗಮಾಡಿದವನೇ ವ್ಯವಹಾರದ ದಾಖಲೆಯಿಂದ ಹೊರಗುಳಿಯುವ ಈ ವೈಚಿತ್ರ್ಯವು ನನಗೆ ಆಗಾಗ್ಗೆ ವಿಸ್ಮಯವನ್ನುಂಟುಮಾಡುತ್ತಿತ್ತು. ಪತ್ರದಲ್ಲಿ ದೋಷವಿದ್ದು ಹತ್ತು ವರ್ಷದ ಮೇಲೆ ದಾವೆ ಹೂಡಿದಾಗ ಮಾರಿದವನು ಬರುತ್ತಾನೆ, ಕೊಂಡವನು ಬರುತ್ತಾನೆ, ಸಾಕ್ಷಿಯೂ ಬರುತ್ತಾನೆ. ದಲ್ಲಾಳಿಯನ್ನು ಕರೆಯಲು ಯಾರಿಗೂ ವಿಳಾಸ ತಿಳಿದಿರುವುದಿಲ್ಲ.

ದಲ್ಲಾಳಿಯೆಂಬ ಶಬ್ದವು ಅರಬ್ಬೀ ಮೂಲದ್ದು. ದಾರಿ ತೋರಿಸುವುದು ಎಂಬ ಅರ್ಥದ ಧಾತುವಿನಿಂದ ಹುಟ್ಟಿ, ಪೇಟೆಯ ಮೂಲಕ ನಮ್ಮ ಭಾಷೆಗೆ ಬಂದು ನೆಲೆನಿಂತಿದೆ. ಬಂದ ಶಬ್ದಕ್ಕೆ ನಾವು ಕೊಟ್ಟ ಸ್ಥಾನವೇನೂ ಗೌರವದ್ದಲ್ಲ. ಮದುವೆಯ ದಲ್ಲಾಳಿಯನ್ನು ಊಟಕ್ಕೆ ಕರೆದವರೇ ಮದುವೆ ಕೆಟ್ಟರೆ ಮೊದಲು ಶಪಿಸುವುದು ಅವನನ್ನು. ಇಷ್ಟಾದರೂ ಈ ರಾಜ್ಯದಲ್ಲಿ ಧಾನ್ಯದ, ಅಡಕೆಯ, ಮೆಣಸಿನಕಾಯಿಯ ದಲ್ಲಾಳಿಗಳು ಬಹುಕಾಲದಿಂದ ಸರಕಾರದ ಕಣ್ಣಿನ ಕೆಳಗೆ ಇದ್ದವರು. 1966ರ ಕರ್ನಾಟಕ ಕೃಷಿ ಉತ್ಪನ್ನ ಮಾರುಕಟ್ಟೆ ಅಧಿನಿಯಮದ ಪ್ರಕಾರ ಶಿವಮೊಗ್ಗೆಯ ಅಡಕೆ ಮಂಡಿಯಲ್ಲಾಗಲಿ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಾಗಲಿ ಕಮಿಷನ್ ಏಜೆಂಟನಾಗಿ ಕುಳಿತುಕೊಳ್ಳಬೇಕಾದವನು ಮಾರುಕಟ್ಟೆ ಸಮಿತಿಯಿಂದ ಲೈಸೆನ್ಸನ್ನು ಪಡೆಯಬೇಕಾಗಿತ್ತು. ಒಂದು ಚೀಲ ಮೆಣಸಿನಕಾಯಿಯನ್ನು ಮಾರಿಸುವವನಿಗೆ ಅನುಮತಿ ಬೇಕು, ಒಂದು ಸಂಸಾರದ ಇಡೀ ಜೀವಮಾನದ ಉಳಿತಾಯವನ್ನು ಒಂದು ಮಧ್ಯಾಹ್ನದಲ್ಲಿ ಕೈಬದಲಾಯಿಸುವವನಿಗೆ ಏನೂ ಬೇಡ ಎಂಬ ಈ ವ್ಯವಸ್ಥೆಯು ಐವತ್ತು ವರ್ಷ ನಡೆದುಕೊಂಡು ಬಂತು.

ಇದಕ್ಕೊಂದು ಹಿನ್ನೆಲೆಯೂ ಉಂಟು. ಮೈಸೂರು ನಗರಕ್ಕೆ 1903ರಲ್ಲಿಯೂ ಬೆಂಗಳೂರಿಗೆ 1945ರಲ್ಲಿಯೂ ನಗರಾಭಿವೃದ್ಧಿಯ ವಿಶ್ವಸ್ಥ ಮಂಡಳಿಗಳು ಏರ್ಪಟ್ಟು, ಬಡಾವಣೆಗಳನ್ನು ತಾವೇ ಅಳೆದು ನಿವೇಶನಗಳನ್ನು ತಾವೇ ಹಂಚುತ್ತಿದ್ದ ಕಾಲದಲ್ಲಿ, ಮನೆ ಕಟ್ಟಬೇಕೆಂಬ ಗುಮಾಸ್ತನಾಗಲಿ ಮೇಷ್ಟ್ರಾಗಲಿ ಅರ್ಜಿ ಹಾಕಿ ಕಾಯುವುದನ್ನು ಬಲ್ಲವನಾಗಿದ್ದರೆ ಸಾಕಾಗಿತ್ತು. ದಲ್ಲಾಳಿಗೆ ಅಲ್ಲಿ ಕೆಲಸವಿದ್ದುದು ಎರಡನೆಯ ಕೈಯ ಮಾರಾಟದಲ್ಲಿ, ಮತ್ತು ಬಾಡಿಗೆಯ ಮನೆ ಹುಡುಕುವುದರಲ್ಲಿ. 1976ರಲ್ಲಿ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರವು ಬಂತು. ಆ ಬಳಿಕ ಊರು ಪ್ರಾಧಿಕಾರದ ಅಳತೆಪಟ್ಟಿಯನ್ನು ಮೀರಿ ಬೆಳೆಯಿತು. ಗೃಹನಿರ್ಮಾಣ ಸಂಘಗಳು ಬಂದುವು, ಖಾಸಗಿ ಬಡಾವಣೆಗಳು ಬಂದುವು, ರಾಗಿ ಹೊಲದ ಮೇಲೆ ಸುಣ್ಣದ ಗೆರೆ ಎಳೆದ ‘ರೆವಿನ್ಯೂ ಸೈಟು’ಗಳು ಬಂದುವು, ಕೊನೆಗೆ ಕಾಗದದ ಮೇಲೆ ಮಾತ್ರ ಇರುವ ಹದಿನೆಂಟನೆಯ ಮಹಡಿಯ ಫ್ಲಾಟುಗಳೂ ಬಂದುವು. ಕೊಳ್ಳುವವನು ಮಾರುವವನನ್ನು ಕಂಡೇ ಇರುವುದಿಲ್ಲ. ಅವನು ಕಾಣುವುದು ದಲ್ಲಾಳಿಯನ್ನು. ಟೀ ಅಂಗಡಿಯ ಮುಂದೆ ಡೈರಿ ಹಿಡಿದು ನಿಂತಿರುತ್ತಿದ್ದ ಮನುಷ್ಯನು ನೋಡನೋಡುತ್ತ ಒಂದು ಮಹಾನಗರದ ಹೆಬ್ಬಾಗಿಲಾದನು. ಆದರೂ ಕಾಗದದಲ್ಲಿ ಅವನ ಹೆಸರು ಬರಲಿಲ್ಲ.

ಬಂದದ್ದು 2016ರ ರಿಯಲ್ ಎಸ್ಟೇಟ್ ನಿಯಂತ್ರಣ ಮತ್ತು ಅಭಿವೃದ್ಧಿ ಅಧಿನಿಯಮದಿಂದ. ಜನರ ಬಾಯಲ್ಲಿ ರೇರಾ ಎಂದು ರೂಢಿಯಾಗಿರುವ ಈ ಕಾನೂನು ಸಂಸತ್ತಿನ ಎರಡೂ ಸದನಗಳಲ್ಲಿ ಆ ವರ್ಷದ ಮಾರ್ಚಿಯಲ್ಲಿ ಅಂಗೀಕೃತವಾಗಿ, ಅರ್ಧಕ್ಕೆ ಮಿಕ್ಕ ಪ್ರಕರಣಗಳು 2016ರ ಮೇ 1ರಿಂದಲೂ ಉಳಿದುವು 2017ರ ಮೇ 1ರಿಂದಲೂ ಜಾರಿಗೆ ಬಂದುವು. ಕರ್ನಾಟಕವು ತನ್ನ ನಿಯಮಗಳನ್ನು 2017ರ ಜುಲೈಯಲ್ಲಿ ಪ್ರಕಟಿಸಿತು. ಏಜೆಂಟ್ ಎಂದರೆ ಯಾರು ಎಂಬುದನ್ನು ವಿವರಿಸುವಲ್ಲಿ ಈ ಕಾನೂನು ತೋರಿರುವ ಜಾಣ್ಮೆಯನ್ನು ಹಳೆಯ ಗುಮಾಸ್ತನಾದ ನಾನು ಮೆಚ್ಚದೆ ಇರಲಾರೆ. ಮತ್ತೊಬ್ಬರ ಪರವಾಗಿ ಮಾತುಕತೆ ನಡೆಸಿ ಪ್ರತಿಫಲ ಪಡೆಯುವವನಷ್ಟೇ ಅಲ್ಲ, ಯಾವುದೇ ಮಾಧ್ಯಮದ ಮೂಲಕ ಕೊಳ್ಳುವವನನ್ನೂ ಮಾರುವವನನ್ನೂ ಪರಸ್ಪರ ಪರಿಚಯಿಸುವವನೂ ಏಜೆಂಟನೇ. ಡೀಲರ್, ಬ್ರೋಕರ್, ಮಧ್ಯವರ್ತಿ ಎಂದು ಯಾವ ಹೆಸರಿನಿಂದ ಕರೆದುಕೊಂಡರೂ ಏಜೆಂಟನೇ. ಪ್ರತಿಫಲವನ್ನು ಕಮಿಷನ್ನೆಂದರೂ ಫೀಸೆಂದರೂ ಒಂದೇ. ‘ನಾನು ಬರೀ ತೋರಿಸಿದೆ, ಅವರವರೇ ಮಾತಾಡಿಕೊಂಡರು’ ಎಂಬ ನಮ್ಮ ಪುರಾತನ ಸಮಜಾಯಿಷಿಗೆ ಇಲ್ಲಿ ಎಡೆಯಿಲ್ಲ.

ಆದರೆ ಈ ಬಲೆಗೆ ಅಂಚುಂಟು, ಆ ಅಂಚನ್ನು ತರುಣನಿಗೆ ಮೊದಲೇ ತೋರಿಸಿದೆ. ನೋಂದಣಿಯ ಕಡ್ಡಾಯವು ‘ಯೋಜನೆ’ಗಳಿಗೆ ಸಂಬಂಧಿಸಿದ್ದು. 500 ಚದರ ಮೀಟರನ್ನು ಮೀರಿದ ಭೂಮಿಯಲ್ಲಿ ಬಡಾವಣೆ ಮಾಡುವವನು, ಅಥವಾ ಎಂಟಕ್ಕಿಂತ ಹೆಚ್ಚು ಫ್ಲಾಟುಗಳನ್ನು ಕಟ್ಟುವವನು, ತನ್ನ ಯೋಜನೆಯನ್ನು ಪ್ರಾಧಿಕಾರದಲ್ಲಿ ನೋಂದಾಯಿಸಬೇಕು. ಅಂಥ ಯೋಜನೆಯೊಳಗಿನ ನಿವೇಶನವನ್ನೊ ಫ್ಲಾಟನ್ನೊ ಮಾರಿಸುವ ಮಧ್ಯವರ್ತಿಯು ಒಂಬತ್ತನೆಯ ಪ್ರಕರಣದ ಪ್ರಕಾರ ತಾನೂ ನೋಂದಾಯಿತನಾಗಿರಬೇಕು. 500 ಚದರ ಮೀಟರೆಂದರೆ ನಮ್ಮ ಲೆಕ್ಕದಲ್ಲಿ ಮೂವತ್ತು-ನಲವತ್ತರ ನಾಲ್ಕೂವರೆ ಸೈಟುಗಳಷ್ಟು ನೆಲವಾಯಿತು. ಚಾಮರಾಜಪೇಟೆಯ ಒಂದು ಹಳೆಯ ಹೆಂಚಿನ ಮನೆಯನ್ನು ಅದರ ಒಡೆಯನಿಂದ ಇನ್ನೊಬ್ಬನಿಗೆ ಕೊಡಿಸುವುದಕ್ಕೆ, ಎರಡು ಎಕರೆ ತೆಂಗಿನ ತೋಟವನ್ನು ಮಾರಿಸುವುದಕ್ಕೆ, ಬಾಡಿಗೆಗೆ ಮನೆ ಹುಡುಕಿಕೊಡುವುದಕ್ಕೆ ಈ ಸನ್ನದು ಬೇಕಾಗಿಲ್ಲ. ಅಂದರೆ ದಲ್ಲಾಳಿಯ ಪ್ರಾಚೀನವಾದ ಜಹಗೀರು ಇನ್ನೂ ಕಾನೂನಿನ ಹೊರಗೇ ಇದೆ. ಇದು ನ್ಯೂನತೆಯೆಂಬುದು ನನ್ನ ಅಭಿಪ್ರಾಯ. ಮೋಸಕ್ಕೆ ಯೋಜನೆಯ ವಿಸ್ತೀರ್ಣ ಬೇಕಾಗಿಲ್ಲ.

ಇನ್ನು ಸನ್ನದನ್ನು ಪಡೆಯುವ ಕ್ರಮ. ಇದು ನಮ್ಮ ತರುಣನು ಭಾವಿಸಿದ್ದಷ್ಟು ಕಠಿನವೂ ಅಲ್ಲ, ಅವನ ಗುರುವಾದ ಹಿರಿಯ ಬ್ರೋಕರರು ಹೇಳಿದಂತೆ ಯಾರಿಗಾದರೂ ಹಣ ಕೊಟ್ಟು ಮಾಡಿಸಿಕೊಳ್ಳಬೇಕಾದ ಗುಹ್ಯವಿದ್ಯೆಯೂ ಅಲ್ಲ. ಕರ್ನಾಟಕ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರದ ಜಾಲತಾಣದಲ್ಲಿ ಖಾತೆ ತೆರೆದು, ‘ಜಿ’ ನಮೂನೆಯಲ್ಲಿ ಅರ್ಜಿಯನ್ನು ತುಂಬತಕ್ಕದ್ದು. ಹೆಸರು, ವಿಳಾಸ, ದೂರವಾಣಿ, ಭಾವಚಿತ್ರ. ಪ್ಯಾನ್ ಕಾರ್ಡಿನ ದೃಢೀಕೃತ ಪ್ರತಿ. ವ್ಯಾಪಾರದ ಸ್ಥಳಕ್ಕೆ ವಿಳಾಸದ ಆಧಾರ. ಹಿಂದಿನ ಮೂರು ವರ್ಷಗಳ ಆದಾಯ ತೆರಿಗೆಯ ವಿವರಣಪತ್ರಗಳು, ತೆರಿಗೆಯ ಮಿತಿಯೊಳಗೇ ಇದ್ದವನಾದರೆ ಹಾಗೆಂದು ಒಂದು ಘೋಷಣೆ. ತನ್ನ ಮೇಲೆ ಸಿವಿಲ್ ಅಥವಾ ಕ್ರಿಮಿನಲ್ ದಾವೆಗಳೇನಾದರೂ ಬಾಕಿಯಿದ್ದರೆ ಅವುಗಳ ವಿವರ. ಕಂಪನಿಯೊ ಪಾಲುದಾರಿಕೆಯ ಸಂಸ್ಥೆಯೊ ಆದರೆ ಅದರ ಸ್ಥಾಪನೆಯ ಪತ್ರಗಳೂ, ಪಾಲುದಾರರ ಅಥವಾ ನಿರ್ದೇಶಕರ ಭಾವಚಿತ್ರಗಳೂ ಸೇರುತ್ತವೆ. ಶುಲ್ಕವು ಒಬ್ಬ ವ್ಯಕ್ತಿಗೆ 25,000 ರೂಪಾಯಿ, ಸಂಸ್ಥೆಗೆ 2 ಲಕ್ಷ. ಶುಲ್ಕದ ಮೊತ್ತವನ್ನು ಕೇಳಿ ತರುಣನ ಮುಖ ಸ್ವಲ್ಪ ಕಳೆಗುಂದಿತು. “ಐದು ವರ್ಷಕ್ಕೆ ಒಂದು ಸಲ ಕಣಯ್ಯ, ತಿಂಗಳಿಗೆ ನಾನೂರು ಚಿಲ್ಲರೆ ಆಯ್ತು; ನೀನು ಪಾರ್ಟಿಗಳಿಗೆ ಕಾಫಿ ಕೊಡಿಸೋ ಲೆಕ್ಕದಲ್ಲಿ ಇದೂ ಒಂದು ಅಂದುಕೋ” ಎಂದು ಸಮಾಧಾನ ಹೇಳಿದೆ.

ಅರ್ಜಿ ತಲುಪಿದ ಮೇಲೆ ಮೂವತ್ತು ದಿನಗಳೊಳಗೆ ಪ್ರಾಧಿಕಾರವು ನೋಂದಾಯಿಸಬೇಕು, ಇಲ್ಲವೆ ಕಾರಣವನ್ನು ಬರೆದು ತಿರಸ್ಕರಿಸಬೇಕು; ಅರ್ಜಿದಾರನ ಅಹವಾಲನ್ನು ಕೇಳದೆ ತಿರಸ್ಕರಿಸಕೂಡದು; ಅವಧಿ ಮುಗಿದರೂ ಯಾವ ಉತ್ತರವೂ ಬಾರದಿದ್ದರೆ ನೋಂದಣಿಯಾಯಿತೆಂದೇ ಭಾವಿಸತಕ್ಕದ್ದು. ಮಂಜೂರಾದ ಪ್ರಮಾಣಪತ್ರವು ‘ಎಚ್’ ನಮೂನೆಯಲ್ಲಿ ಬರುತ್ತದೆ. ಐದು ವರ್ಷಗಳ ಅವಧಿ ತೀರುವುದಕ್ಕೆ ಮೂರು ತಿಂಗಳು ಮುಂಚೆಯೇ ನವೀಕರಣಕ್ಕೆ ಅರ್ಜಿ ಹಾಕಬೇಕೆಂಬುದನ್ನು ಹಲವರು ಮರೆಯುತ್ತಾರೆ. ಇಲ್ಲಿ ಕೊಳ್ಳುವವರೂ ತಿಳಿದಿರಬೇಕಾದ ಒಂದು ಸೂಕ್ಷ್ಮವುಂಟು. ಅರ್ಜಿ ತಲುಪಿದೊಡನೆ ಬರುವ, ‘ಎ.ಸಿ.ಕೆ.’ ಎಂಬ ಅಕ್ಷರಗಳಿಂದ ಮೊದಲಾಗುವ ಸಂಖ್ಯೆಯು ಬರಿಯ ಸ್ವೀಕೃತಿಯ ರಸೀದಿ. ನೋಂದಣಿಯ ಸಂಖ್ಯೆ ‘ಪಿ.ಆರ್.ಎಂ.’ ಎಂದು ಮೊದಲಾಗಿ, ನಡುವೆ ಏಜೆಂಟನಿಗೆ ‘ಎ.ಜಿ.’ ಎಂದೂ ಯೋಜನೆಗೆ ‘ಪಿ.ಆರ್.’ ಎಂದೂ ಗುರುತನ್ನು ಹೊತ್ತಿರುತ್ತದೆ. ರಸೀದಿಯ ಸಂಖ್ಯೆಯನ್ನೇ ಕರಪತ್ರದಲ್ಲಿ ಮೆರೆಸುವ ಚತುರರು ಇಲ್ಲದಿಲ್ಲ. ಸಂಶಯ ಬಂದವರು ಪ್ರಾಧಿಕಾರದ ಜಾಲತಾಣದಲ್ಲಿಯೇ ನೋಡಬಹುದು. ನೋಂದಾಯಿತರ ಹೆಸರು ಮತ್ತು ಭಾವಚಿತ್ರಗಳನ್ನಷ್ಟೇ ಅಲ್ಲ, ನೋಂದಣಿ ತಿರಸ್ಕೃತವಾದವರ ಮತ್ತು ರದ್ದಾದವರ ವಿವರಗಳನ್ನೂ ಅಲ್ಲಿ ಪ್ರಕಟಿಸಬೇಕೆಂದು ಕಾನೂನು ವಿಧಿಸಿದೆ.

“ಪರೀಕ್ಷೆ ಇಲ್ವಾ ಸಾರ್?” ಎಂದು ತರುಣನು ಕೇಳಿದನು. ಕೇಳಿದ್ದು ಸಂತೋಷದಿಂದಲೊ ನಿರಾಶೆಯಿಂದಲೊ ನನಗೆ ತಿಳಿಯಲಿಲ್ಲ. ನಮ್ಮ 2017ರ ನಿಯಮಗಳಲ್ಲಿ ಪರೀಕ್ಷೆಯಿಲ್ಲ, ವಿದ್ಯಾರ್ಹತೆಯೂ ಇಲ್ಲ. ನೆರೆಯ ಮಹಾರಾಷ್ಟ್ರದಲ್ಲಿ ಶುಲ್ಕ ಕಡಮೆ, ವ್ಯಕ್ತಿಗೆ 10,000. ಆದರೆ ಅಲ್ಲಿಯ ಪ್ರಾಧಿಕಾರವು 2023ರಲ್ಲಿ ಏಜೆಂಟರಿಗೆ ತರಬೇತಿಯನ್ನೂ ಪರೀಕ್ಷೆಯನ್ನೂ ಕಡ್ಡಾಯಮಾಡಿ, ಸಾಮರ್ಥ್ಯದ ಪ್ರಮಾಣಪತ್ರವಿಲ್ಲದವನಿಗೆ ನೋಂದಣಿಯಿಲ್ಲವೆಂಬ ಏರ್ಪಾಟನ್ನು ತಂದಿತು. ನಮ್ಮ ಕನ್ನಡಿಗರು ಸಾವಿರಗಟ್ಟಲೆ ಹೋಗಿ ನೆಲಸಿರುವ ಅಮೆರಿಕೆಯ ಕ್ಯಾಲಿಫೋರ್ನಿಯದಲ್ಲಂತೂ ಇದೊಂದು ಶಾಸ್ತ್ರವೇ ಆಗಿದೆ. ಅಲ್ಲಿ 1917ರಲ್ಲಿಯೇ ಲೈಸೆನ್ಸಿನ ಕಾನೂನು ಬಂದು, ನ್ಯಾಯಾಲಯವು ಅದನ್ನು ಅಸಿಂಧುವೆಂದು ಸಾರಲು 1919ರಲ್ಲಿ ಮತ್ತೆ ಹೊಸದಾಗಿ ಬಂದಿತು. ಮೊದಲು ಮಾರಾಟಗಾರನ ಲೈಸೆನ್ಸು: 135 ಗಂಟೆಗಳ ಪಾಠ, 150 ಪ್ರಶ್ನೆಗಳ ಪರೀಕ್ಷೆ, ನೂರಕ್ಕೆ ಎಪ್ಪತ್ತು ಬಂದರೆ ತೇರ್ಗಡೆ. ಅದನ್ನು ಹಿಡಿದು ಎರಡು ವರ್ಷ ಒಬ್ಬ ಬ್ರೋಕರನ ಅಧೀನದಲ್ಲಿ ದುಡಿದು, ಎಂಟು ವಿಷಯಗಳನ್ನು ಓದಿ, 200 ಪ್ರಶ್ನೆಗಳಲ್ಲಿ ನೂರಕ್ಕೆ ಎಪ್ಪತ್ತೈದನ್ನು ಗಳಿಸಿದ ಮೇಲೆಯೇ ಬ್ರೋಕರನೆಂಬ ಬಿರುದು. ಅಲ್ಲಿ ಬ್ರೋಕರನೆಂದರೆ ಶಿಷ್ಯರ ತಪ್ಪಿಗೂ ಹೊಣೆಗಾರನಾದ ಗುರು. ನಮ್ಮಲ್ಲಿ ಸ್ಕೂಟರಿನ ಮುಂದೆ ಕುಳಿತವನು ಗುರು, ಹಿಂದೆ ಕುಳಿತವನು ಶಿಷ್ಯ. ಹೊಣೆಗಾರಿಕೆಯ ಮಾತು ಇಬ್ಬರಿಗೂ ಹೊಸದು.

ಆದಕಾರಣ ನಮ್ಮ ಸನ್ನದು ಬಲ್ಲವನೆಂಬುದಕ್ಕೆ ಪ್ರಮಾಣವಲ್ಲ, ಸಿಕ್ಕುವವನೆಂಬುದಕ್ಕೆ ಮಾತ್ರ ಪ್ರಮಾಣ. ಮುಖವಿಲ್ಲದವನಿಗೆ ಮುಖವನ್ನೂ ವಿಳಾಸವಿಲ್ಲದವನಿಗೆ ವಿಳಾಸವನ್ನೂ ಅದು ಕೊಡುತ್ತದೆ. ವಿದ್ಯೆಯನ್ನು ಅವನೇ ಸಂಪಾದಿಸಿಕೊಳ್ಳಬೇಕು. ಅಂದು ರಾತ್ರಿ ಊಟದ ಹೊತ್ತು ಮೀರುವವರೆಗೂ ನಾನು ತರುಣನಿಗೆ ಹೇಳುತ್ತ ಕುಳಿತದ್ದು ಈ ವಿದ್ಯೆಯ ವಿಷಯವನ್ನೇ. ಒಳಗಿನಿಂದ ಎರಡು ಸಲ ತಟ್ಟೆಯ ಸದ್ದು ಬಂದರೂ ನಾನು ಏಳಲಿಲ್ಲ.

ನಮ್ಮ ನಾಡಿನಲ್ಲಿ ನೆಲವನ್ನು ಓದುವುದೆಂದರೆ ಕಾಗದವನ್ನು ಓದುವುದು. ಪಹಣಿಯ ಒಂಬತ್ತನೆಯ ಕಲಮಿನಲ್ಲಿ ಒಡೆಯನ ಹೆಸರಿರುತ್ತದೆ. ಎಲ್ಲರೂ ಅದನ್ನು ನೋಡುತ್ತಾರೆ. ಹನ್ನೊಂದನೆಯ ಕಲಮಿನಲ್ಲಿ ಇತರರ ಹಕ್ಕುಗಳೂ ಸಾಲಗಳೂ ಇರುತ್ತವೆ. ಅದನ್ನು ನೋಡುವವನು ದಲ್ಲಾಳಿಯಲ್ಲಿ ಉತ್ತಮನು. ಪಹಣಿಯ ವಿಸ್ತೀರ್ಣಕ್ಕೂ ಆಕಾರಬಂದಿನ ವಿಸ್ತೀರ್ಣಕ್ಕೂ ತಾಳೆಯಿದೆಯೆ, ಪೋಡಿಯಾಗಿದೆಯೆ, ಗ್ರಾಮನಕ್ಷೆಯಲ್ಲಿ ಬಂಡಿದಾರಿಯೊ ರಾಜಕಾಲುವೆಯೊ ಹಾದುಹೋಗಿದೆಯೆ ಎಂಬುದನ್ನು ನೋಡುವವನು ಉತ್ತಮೋತ್ತಮನು. ಬೇಸಾಯದ ಜಮೀನಾಗಿದ್ದರೆ 1964ರ ಭೂಕಂದಾಯ ಅಧಿನಿಯಮದ 95ನೆಯ ಪ್ರಕರಣದಂತೆ ಪರಿವರ್ತನೆಯಾಗಿರಬೇಕು. ಆದರೆ ಪರಿವರ್ತನೆಯಾದ ಮಾತ್ರಕ್ಕೆ ಬಡಾವಣೆಯ ನಕ್ಷೆಗೆ ಮಂಜೂರಾತಿ ದೊರೆತಂತಾಗಲಿಲ್ಲ, ಎರಡೂ ಬೇರೆ ಬೇರೆ. ‘ಡಿ.ಸಿ. ಕನ್ವರ್ಷನ್ ಆಗಿದೆ’ ಎಂಬ ಒಂದು ವಾಕ್ಯದಿಂದ ಎಷ್ಟು ಮಂದಿ ತಮ್ಮ ಪ್ರಾವಿಡೆಂಟ್ ಫಂಡನ್ನು ಕಳೆದುಕೊಂಡರೆಂಬುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಳ್ಳಿಯ ಆಸ್ತಿಗೆ ಇ-ಸ್ವತ್ತಿನ ನಮೂನೆಗಳು, ಪಟ್ಟಣದ ಆಸ್ತಿಗೆ ಇ-ಖಾತೆ. ಖಾತೆಯೆಂಬುದು ತೆರಿಗೆ ಕಟ್ಟುವುದಕ್ಕಾಗಿ ಬರೆದ ಹೆಸರೇ ಹೊರತು ಒಡೆತನದ ಪತ್ರವಲ್ಲವೆಂದು ನ್ಯಾಯಾಲಯಗಳು ಎಷ್ಟು ಸಲ ಹೇಳಿದರೂ ‘ಎ ಖಾತಾ’ ಎಂಬ ಮಂತ್ರಕ್ಕೆ ಬೆಂಗಳೂರಿನಲ್ಲಿ ಇರುವ ಮಹಿಮೆ ಕುಗ್ಗಿಲ್ಲ.

ಋಣಭಾರ ಪತ್ರವನ್ನು, ಅಂದರೆ ಎಲ್ಲರೂ ಇ.ಸಿ. ಎನ್ನುವ ಕಾಗದವನ್ನು, ನಮ್ಮ ಕಚೇರಿಯೇ ಕೊಡುತ್ತಿದ್ದುದರಿಂದ ಅದರ ಶಕ್ತಿಯನ್ನೂ ಅಶಕ್ತಿಯನ್ನೂ ನಾನು ಬಲ್ಲೆ. ನೋಂದಣಿಯಾದ ಪತ್ರಗಳು 15ನೆಯ ನಮೂನೆಯಲ್ಲಿ ಬರುತ್ತವೆ. ಏನೂ ಇಲ್ಲದಿದ್ದರೆ 16ನೆಯ ನಮೂನೆ. ನೋಂದಣಿಯಾಗದ ಕರಾರು ಅದರಲ್ಲಿ ಬಾರದು. ಬಾಯಿಮಾತಿನ ವಿಭಾಗ ಬಾರದು. ಮೂಲಪತ್ರಗಳನ್ನು ಬ್ಯಾಂಕಿನಲ್ಲಿಟ್ಟು ಎತ್ತಿದ ಸಾಲವು ಬಾರದೆ ಇರಬಹುದು. ನ್ಯಾಯಾಲಯದಲ್ಲಿ ನಡೆಯುತ್ತಿರುವ ದಾವೆ ಬಾರದೆ ಇರಬಹುದು. ಮದುವೆಯಾಗಿ ದೂರದ ಊರಿಗೆ ಹೋದ ತಂಗಿಯ ಪಾಲಿನ ಹಕ್ಕಂತೂ ಖಂಡಿತ ಬಾರದು. ‘ಇ.ಸಿ. ಕ್ಲಿಯರ್ ಇದೆ ಸಾರ್’ ಎಂಬಷ್ಟಕ್ಕೇ ನಿಲ್ಲುವ ದಲ್ಲಾಳಿಯು ಅರ್ಧ ಓದಿದ ವೈದ್ಯನಂತೆ. ಅದರಂತೆಯೇ ಜಿ.ಪಿ.ಎ., ಅಂದರೆ ಸಾಮಾನ್ಯ ಅಧಿಕಾರಪತ್ರದ ಮೂಲಕ ಮಾರಾಟವೆಂಬುದು. 2011ರಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅಧಿಕಾರಪತ್ರ, ಕರಾರು ಮತ್ತು ಮರಣಶಾಸನಗಳ ಹೊಲಿಗೆಯಿಂದ ಒಡೆತನ ವರ್ಗವಾಗದೆಂದು ಸ್ಪಷ್ಟಪಡಿಸಿದೆ. ನೋಂದಾಯಿತ ಕ್ರಯಪತ್ರವೊಂದೇ ದಾರಿ.

ಇವೆಲ್ಲಕ್ಕಿಂತ ಗಹನವಾದದ್ದು ಮಂಜೂರಾದ ಜಮೀನಿನ ವಿಚಾರ. ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕುಟುಂಬಗಳಿಗೆ ಸರಕಾರವು ಮಂಜೂರು ಮಾಡಿದ ಭೂಮಿಯನ್ನು ಸರಕಾರದ ಪೂರ್ವಾನುಮತಿಯಿಲ್ಲದೆ ಪರಭಾರೆ ಮಾಡಕೂಡದೆಂದು 1978ರ ಅಧಿನಿಯಮವು ವಿಧಿಸಿದೆ. ನಮ್ಮ ಕಚೇರಿಗಳಲ್ಲಿ ಅದಕ್ಕೆ ಪಿ.ಟಿ.ಸಿ.ಎಲ್. ಎಂದು ಹೆಸರು. ಅನುಮತಿಯಿಲ್ಲದ ಕ್ರಯವು ಮೂರು ಕೈ ದಾಟಿದ್ದರೂ ಅಸಿಂಧು. ಭೂಮಿಯು ಮಂಜೂರಾತಿ ಪಡೆದವನಿಗೊ ಅವನ ವಾರಸುದಾರರಿಗೊ ಹಿಂದಿರುಗತಕ್ಕದ್ದು. ತಡವಾಗಿ ಬಂದರೆಂಬ ಕಾರಣದಿಂದ ಅಂಥವರ ಅರ್ಜಿಗಳು ಬಿದ್ದುಹೋಗುತ್ತಿದ್ದುದನ್ನು ಕಂಡು, 2023ರ ತಿದ್ದುಪಡಿಯು ಕಾಲಮಿತಿಯ ಅಡ್ಡಿಯನ್ನೂ ತೆಗೆದುಹಾಕಿತು. ಬಡವನ ಕೈಯಿಂದ ಭೂಮಿಯು ಎರಡು ಚೀಲ ರಾಗಿಗೆ ಜಾರಿಹೋಗುತ್ತಿದ್ದ ಕಾಲವನ್ನು ಬಲ್ಲವರು ಈ ಕಾನೂನನ್ನು ತೊಡಕೆನ್ನಲಾರರು. ಆ ಜಾರುವಿಕೆಯಲ್ಲಿ ದಲ್ಲಾಳಿಗಳ ಕೈಯೂ ಇತ್ತು. ಆದುದರಿಂದ ನಗರದಂಚಿನ ಯಾವ ಸರ್ವೆ ನಂಬರನ್ನು ಹಿಡಿದರೂ ಮೊದಲು ಮೂಲ ಮಂಜೂರಾತಿಯ ಕಡತವನ್ನು ತಾಲ್ಲೂಕು ಕಚೇರಿಯಲ್ಲಿ ನೋಡು, ಬಳಿಕ ಪಾರ್ಟಿಯನ್ನು ಕರೆದುಕೊಂಡು ಹೋಗು ಎಂದು ತರುಣನಿಗೆ ಒತ್ತಿ ಹೇಳಿದೆ.

ನೋಂದಾಯಿತನಾದ ಮೇಲಿನ ಕರ್ತವ್ಯಗಳು ಒಂಬತ್ತನೆಯ ಮತ್ತು ಹತ್ತನೆಯ ಪ್ರಕರಣಗಳಲ್ಲಿವೆ. ನೋಂದಣಿಯಾಗದ ಯೋಜನೆಯಲ್ಲಿ ಮಾರಾಟ ಮಾಡಿಸಕೂಡದು. ಇಲ್ಲದ ಮಂಜೂರಾತಿಯನ್ನು ಉಂಟೆನ್ನಕೂಡದು. ಕೊಡಲು ಉದ್ದೇಶವಿಲ್ಲದ ಸೇವೆಯನ್ನು ಜಾಹೀರಾತಿನಲ್ಲಿ ಹೇಳಕೂಡದು. ಬುಕಿಂಗ್ ಮಾಡುವ ಹೊತ್ತಿಗೆ ಕೊಳ್ಳುವವನಿಗೆ ಸಲ್ಲಬೇಕಾದ ಮಾಹಿತಿಯನ್ನೂ ದಾಖಲೆಗಳನ್ನೂ ಸಲ್ಲುವಂತೆ ಮಾಡಬೇಕು. ಲೆಕ್ಕದ ಪುಸ್ತಕಗಳನ್ನು ಇಡಬೇಕು. ತಾನು ನೆರವೇರಿಸಿದ ಪ್ರತಿಯೊಂದು ಮಾರಾಟದಲ್ಲಿಯೂ ತನ್ನ ಸಂಖ್ಯೆಯನ್ನು ಕಾಣಿಸಬೇಕು. ಕಟ್ಟುವವನ ಮೇಲಿರುವ ನಿಯಮಗಳನ್ನೂ ಅವನು ಬಲ್ಲವನಾಗಿರಬೇಕು. ಬೆಲೆಯ ನೂರಕ್ಕೆ ಹತ್ತನ್ನು ಮೀರಿ ಮುಂಗಡ ಪಡೆಯುವುದಕ್ಕೆ ಮೊದಲು ಮಾರಾಟದ ಕರಾರನ್ನು ಬರೆದು ನೋಂದಣಿ ಮಾಡಿಸಬೇಕೆಂಬುದು 13ನೆಯ ಪ್ರಕರಣ. ಗೋಡೆಗಳ ನಡುವೆ ನಿಜವಾಗಿ ಕಾಲಿಡಬಹುದಾದ ಕಾರ್ಪೆಟ್ ಏರಿಯವನ್ನು ತಿಳಿಸಬೇಕೇ ಹೊರತು, ಮೆಟ್ಟಿಲು, ಲಿಫ್ಟು, ಕೆಳಗಿನ ಕಾವಲುಗಾರನ ಕೊಠಡಿಯ ಪಾಲನ್ನೆಲ್ಲ ಸೇರಿಸಿದ ‘ಸೂಪರ್ ಬಿಲ್ಟ್‌ಅಪ್’ ಎಂಬ ಉಬ್ಬಿದ ಅಂಕಿಯನ್ನಲ್ಲ. ನೋಂದಣಿಯಿಲ್ಲದೆ ವ್ಯವಹರಿಸಿದವನಿಗೆ, ಅಥವಾ ಈ ಕರ್ತವ್ಯಗಳನ್ನು ಮೀರಿದವನಿಗೆ, ತಪ್ಪು ನಡೆದಷ್ಟು ದಿನವೂ ದಿನವೊಂದಕ್ಕೆ 10,000 ರೂಪಾಯಿ ದಂಡ. ಒಟ್ಟು ಆಸ್ತಿಯ ಬೆಲೆಯ ನೂರಕ್ಕೆ ಐದರವರೆಗೆ ಅದು ಏರಬಹುದು. 80 ಲಕ್ಷದ ಫ್ಲಾಟಿನಲ್ಲಿ ನೂರಕ್ಕೆ ಒಂದರಂತೆ ಬಂದ ಕಮಿಷನ್ನು ಎಂಟು ದಿನದ ದಂಡಕ್ಕೆ ಸರಿಹೋಗುತ್ತದೆ.

ಕಮಿಷನ್ನು ಎಷ್ಟೆಂಬುದನ್ನು ಮಾತ್ರ ಕಾನೂನು ಹೇಳಿಲ್ಲ. ಮಾರಾಟಕ್ಕೆ ಎರಡೂ ಕಡೆಯಿಂದ ನೂರಕ್ಕೆ ಒಂದೊ ಎರಡೊ, ಬಾಡಿಗೆಗೆ ಒಂದು ತಿಂಗಳ ಬಾಡಿಗೆ ಎಂಬುದು ಬೆಂಗಳೂರಿನ ರೂಢಿ. ರೂಢಿಯನ್ನು ನಂಬಿ ಕೆಲಸಮಾಡಿ, ಪತ್ರವಾದ ದಿನ ಎರಡೂ ಕಡೆಯವರು ಒಂದೇ ಕಾರಿನಲ್ಲಿ ಹೊರಟುಹೋಗುವುದನ್ನು ನೋಡುತ್ತ ನಿಂತ ದಲ್ಲಾಳಿಗಳನ್ನು ನಾನು ಕಂಡಿದ್ದೇನೆ. ಅವರ ವಿಷಯದಲ್ಲಿಯೂ ನನಗೆ ಕನಿಕರವುಂಟು. 1872ರ ಕರಾರು ಅಧಿನಿಯಮದ ಪ್ರಕಾರ, ಬೇರೆ ಒಪ್ಪಂದವಿಲ್ಲದ ಪಕ್ಷದಲ್ಲಿ, ಒಪ್ಪಿಕೊಂಡ ಕಾರ್ಯವು ಪೂರ್ಣವಾಗುವವರೆಗೆ ಏಜೆಂಟನಿಗೆ ಪ್ರತಿಫಲ ಸಲ್ಲುವುದಿಲ್ಲ. ಆದುದರಿಂದ ಎಷ್ಟು, ಯಾವಾಗ, ಯಾರಿಂದ ಎಂಬುದನ್ನು ಮೊದಲೇ ಒಂದು ಹಾಳೆಯಲ್ಲಿ ಬರೆಯಿಸಿಕೊಳ್ಳುವುದು ಕ್ಷೇಮ. ಅದೇ ಅಧಿನಿಯಮವು ಇನ್ನೊಂದನ್ನೂ ಹೇಳುತ್ತದೆ: ಕೆಲಸದಲ್ಲಿ ದುರ್ನಡತೆ ತೋರಿದ ಏಜೆಂಟನಿಗೆ ಆ ಭಾಗದ ಪ್ರತಿಫಲವಿಲ್ಲ, ಯಜಮಾನನಿಗೆ ತಿಳಿಸದೆ ತಾನೇ ಬೇನಾಮಿಯಾಗಿ ಕೊಂಡು ಲಾಭ ಮಾಡಿಕೊಂಡರೆ ಆ ಲಾಭವನ್ನು ಯಜಮಾನನು ಕೇಳಬಹುದು. ಮಾರುವವನಿಗೆ 60 ಲಕ್ಷವೆಂದೂ ಕೊಳ್ಳುವವನಿಗೆ 65 ಲಕ್ಷವೆಂದೂ ಹೇಳಿ ನಡುವಣ 5 ಲಕ್ಷವನ್ನು ‘ಮೇಲ್ಗಡೆ ಬಂದದ್ದು’ ಎಂದು ಕರೆಯುವ ಪೇಟೆಯ ಭಾಷೆಗೆ ನೂರೈವತ್ತು ವರ್ಷದ ಹಿಂದೆಯೇ ಕಾನೂನು ಉತ್ತರವನ್ನು ಬರೆದಿಟ್ಟಿದೆ, ಓದಿದವರು ಕಡಮೆ.

ತೆರಿಗೆಯ ಸಂಗತಿಯನ್ನು ಬೇಗನೆ ಹೇಳಿ ಮುಗಿಸಿದೆ, ಅದು ಅವನು ಬಲ್ಲ ಕ್ಷೇತ್ರ. ವಾರ್ಷಿಕ ವಹಿವಾಟು 20 ಲಕ್ಷವನ್ನು ಮೀರಿದರೆ ಕಮಿಷನ್ನಿನ ಮೇಲೆ ನೂರಕ್ಕೆ 18ರ ಜಿ.ಎಸ್.ಟಿ.; 20 ಲಕ್ಷ ಮುಟ್ಟಿದ ಏಜೆಂಟನನ್ನು ಅಕ್ರಮ ಹಣ ವರ್ಗಾವಣೆ ತಡೆಯ ಕಾನೂನಿನ ವ್ಯಾಪ್ತಿಗೂ 2020ರ ಕೊನೆಯಲ್ಲಿ ತರಲಾಗಿದೆ, ಅಂಥವನು ಗಿರಾಕಿಯ ಗುರುತಿನ ದಾಖಲೆಗಳನ್ನು ಇಟ್ಟುಕೊಳ್ಳಬೇಕು; ಸ್ಥಿರಾಸ್ತಿಯ ಮುಂಗಡವಾಗಿ 20,000 ರೂಪಾಯಿ ಅಥವಾ ಅದಕ್ಕೆ ಮೇಲ್ಪಟ್ಟ ಮೊತ್ತವನ್ನು ಯಾರೂ ನಗದಾಗಿ ಸ್ವೀಕರಿಸಕೂಡದು. ಈ ಕೊನೆಯ ಮಾತಿಗೆ ಅವನು ನಕ್ಕನು, ನಾನು ನಗಲಿಲ್ಲ.

ಏಳುವ ಮುನ್ನ ಅವನದು ಒಂದು ಕೊನೆಯ ಪ್ರಶ್ನೆಯಿತ್ತು. ಹೊಸೂರಿನ ಕಡೆಯ ಒಂದು ಬಡಾವಣೆಯವರು ಅವನಿಗೆ ಒಳ್ಳೆಯ ಕಮಿಷನ್ನಿನ ಆಸೆ ತೋರಿಸಿದ್ದರು. ಅತ್ತಿಬೆಲೆಯನ್ನು ದಾಟಿದರೆ ಸಾಕು, ಹತ್ತು ನಿಮಿಷದ ಹಾದಿ. ಏಜೆಂಟನ ನೋಂದಣಿಯು ರಾಜ್ಯವೊಂದಕ್ಕೆ ಇಡಿಯಾಗಿ ಸಲ್ಲುತ್ತದೆ, ರಾಜ್ಯದ ಗಡಿಯಲ್ಲಿ ನಿಲ್ಲುತ್ತದೆ. ಹೊಸೂರಿನದನ್ನು ಮಾರಿಸಬೇಕಾದರೆ ತಮಿಳುನಾಡಿನ ನೋಂದಣಿ ಬೇರೆಯಾಗಿಯೇ ಬೇಕು, ಬೆಳಗಾವಿಯವನು ಕೊಲ್ಲಾಪುರದಲ್ಲಿ ಮಾರಿಸಲು ಮಹಾರಾಷ್ಟ್ರದ್ದು ಬೇಕಾಗುವಂತೆ. “ಹಾಗಾದ್ರೆ ಸದ್ಯಕ್ಕೆ ಅತ್ತಿಬೆಲೆ ಈಚೆಗೇ ಇರ್ತೀನಿ ಸಾರ್” ಎಂದು ಅವನು ಎದ್ದನು.

ಕಾರ್ತಿಕದಲ್ಲಿ ಮತ್ತೆ ಬಂದನು, ಈ ಸಲ ಒಂದು ಪೊಟ್ಟಣ ಬಾದುಷವನ್ನು ಹಿಡಿದು. ಸಂಖ್ಯೆ ದೊರೆತಿತ್ತು. ಪ್ರಮಾಣಪತ್ರವನ್ನು ಕಟ್ಟುಹಾಕಿಸಿ ತಾನು ಬಾಡಿಗೆಗೆ ಹಿಡಿದ ಸಣ್ಣ ಅಂಗಡಿಯ ಗೋಡೆಗೆ, ಬಾಗಿಲಿನಿಂದಲೇ ಕಾಣುವಂತೆ ತೂಗುಹಾಕಿದ್ದೇನೆಂದನು. ಆದರೆ ಹಳೆಯ ಐನೂರು ಕಾರ್ಡುಗಳೂ ವ್ಯರ್ಥವಾಗಿದ್ದುವು. ಓರೆಗೆರೆಗಳೂ ಅಕ್ಷರಗಳೂ ಅಂಕಿಗಳೂ ಕೂಡಿದ ಆ ಉದ್ದನೆಯ ಸಂಖ್ಯೆಯು ಬರಿದಾಗಿ ಬಿಟ್ಟಿದ್ದ ಒಂದು ಅಂಗುಲದಲ್ಲಿ ಹಿಡಿಸಿರಲಿಲ್ಲ. ಹೊಸ ಕಾರ್ಡೊಂದನ್ನು ತೆಗೆದು ಮುಂದಿಟ್ಟನು. ಅಚ್ಚುಕೂಟದವನು ಬೇರೆ ಉಪಾಯ ಕಾಣದೆ, ಹೆಸರಿನ ಅಕ್ಷರಗಳನ್ನು ಅರ್ಧಕ್ಕೆ ಇಳಿಸಿ, ‘ಪ್ರಾಪರ್ಟಿ ಕನ್ಸಲ್ಟೆಂಟ್’ ಎಂಬುದನ್ನು ‘ಏಜೆಂಟ್’ ಎಂದು ಮೊಟಕುಮಾಡಿ, ಸಂಖ್ಯೆಗೆ ಒಂದು ಇಡೀ ಸಾಲನ್ನು ಬಿಟ್ಟುಕೊಟ್ಟಿದ್ದನು.